ಆರು ಬೀದಿಯ ನಿಂಗಾಜಮ್ಮ

ನಮ್ಮೂರಿನಲ್ಲಿ ಒಬ್ಬರೇ ನಾಲ್ಕು ಕಡೆ ಇರಬೇಕೆಂದರೆ ಮೊದಲು ನನ್ನೆದುರು ಬಂದು ಕೂರಬೇಕು. ಕೂಟದ ಮನೆಯಲ್ಲಿ ಸಾಲು ಹೊಡೆಯುವವಳು ನಾನು, ಇಂದ್ರಾಣಿ. ಒಂದು ಕಪ್ಪು ಪರದೆ, ಅದರ ಮೇಲೆ ಮಿಣುಕುವ ಹಸಿರು ಗೆರೆ, ಅದರ ಕೆಳಗೆ ಅರ್ಧ ಅಕ್ಷರ ಅಳಿಸಿಹೋದ ಕೀಲಿಮಣೆ. ಬಂದವರು ಎದುರಿನ ಮರದ ಕುರ್ಚಿಯಲ್ಲಿ ಕೂರುತ್ತಾರೆ. ನಾನು ‘ಓಡಿಸು’ ಎಂದು ಬರೆದು, ಅವರ ಹೆಸರು ಬರೆದು, ಆಮೇಲೆ ಎರಡೆರಡು ಗೆರೆ ಎಳೆದು ಆಯ್ಕೆಗಳನ್ನು ಬರೆಯುತ್ತೇನೆ. --ಎಷ್ಟು ೪ ಎಂದರೆ ಅವರು ನಾಲ್ಕು ಜನ ಆಗುತ್ತಾರೆ. --ಎಲ್ಲಿ ಎಂದರೆ ಯಾವ ಯಾವ ಬೀದಿಯ ಗೂಡು. ಊರಿನ ಬೀದಿಗೊಂದು ಕಬ್ಬಿಣದ ಗೂಡಿದೆ, ಒಬ್ಬರು ನಿಲ್ಲುವಷ್ಟು ದೊಡ್ಡದು. ಎಂಟರ್ ಒತ್ತಿದರೆ ಸೊನ್ನೆಯವರು ನನ್ನೆದುರಿನ ಕುರ್ಚಿಯಲ್ಲೇ ಉಳಿಯುತ್ತಾರೆ. ಒಂದು, ಎರಡು, ಮೂರನೆಯವರು ಬೀದಿಯ ಗೂಡಿನ ಬಾಗಿಲು ತೆರೆದು ಹೊರಗೆ ಬಂದು ಕೆಲಸಕ್ಕೆ ಹೋಗುತ್ತಾರೆ. ಸಂಜೆ ಎಲ್ಲರೂ ನಡೆದು ಬಂದು ಕೂಟದ ಮನೆಯ ಒಳಬಾಗಿಲು ದಾಟಿದರೆ ಮತ್ತೆ ಒಬ್ಬರೇ.

ಅಷ್ಟೇ ಆಗಿದ್ದರೆ ನನಗೆ ಯಾಕೆ ಸಂಬಳ ಕೊಡುತ್ತಿದ್ದರು? ಜನಕ್ಕೆ ಕಾಣುವುದು --ಎಷ್ಟು ಮಾತ್ರ. ಮಿಕ್ಕ ಆಯ್ಕೆಗಳ ಮಾತೆತ್ತಿದರೆ ಮೂಗು ಮುರಿಯುತ್ತಾರೆ. ಕ್ಷೌರದ ಹನುಮಂತು ಹಬ್ಬದ ಹಿಂದಿನ ದಿನ ಬಂದು, “ನಾಕ್ ಜನ ಮಾಡಮ್ಮ, ಸಾಕು. ಆ ಕಟ್ಟು ಗಿಟ್ಟು ಎಲ್ಲ ನಮ್ಗೆ ಬ್ಯಾಡ” ಎಂದ. --ಕಟ್ಟು ಹಾಕದಿದ್ದರೆ ಹೋದವರು ಹೋದ ಬೀದಿಯಲ್ಲೇ ನಿಲ್ಲುವುದಿಲ್ಲ ಮಾರಾಯ ಎಂದೆ, ಕೇಳಲಿಲ್ಲ. ಮೂರು ಬೀದಿಗೆ ಹೋದ ಮೂವರು ಹನುಮಂತುಗಳೂ ಸ್ವಲ್ಪ ಹೊತ್ತಿಗೇ ಅದೇ ಟೀ ಅಂಗಡಿಯ ಅದೇ ಬೆಂಚಿಗೆ ಬಂದು ಸೇರಿದರು. ಮೂವರಿಗೂ ಇಷ್ಟವಾದ ಬೆಂಚು ಅದು ತಾನೇ. ಒಬ್ಬನ ಮಾತಿಗೆ ಇನ್ನಿಬ್ಬರು ಹೌದೌದು ಎನ್ನುತ್ತ ಮಧ್ಯಾಹ್ನದವರೆಗೆ ಕೂತರು. ಮುಖಕ್ಕೆ ಸೋಪು ಹಚ್ಚಿಸಿಕೊಂಡವರು ಬೀದಿಬೀದಿಯಲ್ಲಿ ಅವನನ್ನು ಹುಡುಕುತ್ತಿದ್ದರು. ಬೈಸಿಕೊಂಡದ್ದು ಮಾತ್ರ ನಾನು.

ಎಲ್ಲಕ್ಕಿಂತ ಜನ ಮರೆಯುವುದು --ಜೊತೆಗೆ ಎಂಬ ಆಯ್ಕೆಯನ್ನು. ಯಾರೇ ಆಗಲಿ ಮೊದಲ ಸಲ ಕೂಟದಲ್ಲಿ ಹೆಸರು ಬರೆಸಿದ ದಿನ ಏನೇನು ಗೊತ್ತಿತ್ತೋ ಅಷ್ಟನ್ನೇ ಹೊತ್ತುಕೊಂಡು ಅವರ ಪಾಲಿನವರು ಹೊರಡುತ್ತಾರೆ. ಆಮೇಲೆ ಬದುಕಿನಲ್ಲಿ ಆದದ್ದು ಕುರ್ಚಿಯಲ್ಲಿರುವ ಸೊನ್ನೆಗೆ ಗೊತ್ತು, ಹೊರಗೆ ಹೋದವರಿಗೆ ಗೊತ್ತಿಲ್ಲ. ಗೊತ್ತಿರಬೇಕೆಂದರೆ --ಜೊತೆಗೆ ಎಂದು ಬರೆದು ಹೆಸರಿಸಬೇಕು. ಸಾಮಾನ್ಯವಾಗಿ ಹೊಸ ಬೆಲೆ, ಹೊಸ ಅಂಗಡಿ, ಕೆಟ್ಟುಹೋದ ಸೇತುವೆ, ಇಂಥದ್ದನ್ನು ಹಾಕಿಸುತ್ತಾರೆ. ಸಂಜೆ ಒಳಬಾಗಿಲು ದಾಟುವಾಗ ಮಿಕ್ಕಿದ್ದೆಲ್ಲ ಅವರಿಗೂ ಗೊತ್ತಾಗುತ್ತದೆ, ಹಗಲು ಅವರು ಕಂಡದ್ದು ಸೊನ್ನೆಗೂ ಗೊತ್ತಾಗುತ್ತದೆ. ಲೆಕ್ಕ ಚುಕ್ತಾ.

ನೀರುಗಂಟಿ ನಿಂಗಾಜಮ್ಮ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು. ಆರು ಬೀದಿಯ ಗೂಡುಗಳ ಪಕ್ಕ ಆರು ವಾಲ್ವು, ಆರನ್ನೂ ಒಂದೇ ಉಸಿರಿಗೆ ಬಿಡಬೇಕು. ಒಂದು ತಡವಾದರೂ ಒತ್ತಡ ಹೆಚ್ಚಿ ಪೈಪು ಒಡೆಯುತ್ತದೆ. ಅವಳಿಗಿಂತ ಮುಂಚೆ ಇದ್ದವನ ಕಾಲದಲ್ಲಿ ಹಾಗೆ ಒಡೆದು ಸಂತೆಬೀದಿಯ ಒಂದು ಗೋಡೆಯೇ ಮಲಗಿತ್ತು. ಆರು ಜನ ಬೇರೆ ಬೇರೆಯವರನ್ನು ಇಟ್ಟು ನೋಡಿ ಸಾಕಾಗಿ ಪುರಸಭೆಯವರು ಒಬ್ಬಳನ್ನೇ ಆರು ಕಡೆ ಕಳಿಸುವುದು ಎಂದು ತೀರ್ಮಾನಿಸಿದ್ದರು. ಹಾಗಾಗಿ ಅವಳ ಸಾಲು ನನಗೆ ಬಾಯಿಪಾಠ: ಓಡಿಸು ನಿಂಗಾಜಮ್ಮ --ಎಷ್ಟು ೭ --ಎಲ್ಲಿ ಕೆರೆ,ಸಂತೆ,ಕಮ್ಮಾರ,ಹೊಸ,ಗರಡಿ,ಕೋಟೆ. ಸೊನ್ನೆ ನನ್ನೆದುರು ಕೂತು, ಗೋಡೆಯ ಮೇಲಿನ ಒತ್ತಡದ ಮುಳ್ಳು ನೋಡಿ ಗಂಟೆ ಒತ್ತುತ್ತಿದ್ದಳು. ಗಂಟೆಯ ಸದ್ದು ಆರು ಗೂಡಿಗೂ ಕೇಳುತ್ತಿತ್ತು. ನನ್ನ ಮೇಜಿನ ಸ್ಪೀಕರಿನಲ್ಲಿ ಅವಳದೇ ದನಿ ಆರು ಸಲ ಬರುತ್ತಿತ್ತು: “ಒಂದು, ಬಿಟ್ಟೆ. ಎರಡು, ಬಿಟ್ಟೆ.” ಹೀಗೆ ಆರರವರೆಗೆ. ಅವರು ಹೇಳಿದ್ದು ನಮಗೆ ಕೇಳುತ್ತದೆ, ನಾವು ಮಾತಾಡಿದ್ದು ಸೊನ್ನೆಗೆ ಬಿಟ್ಟು ಅವರಿಗೆ ಯಾರಿಗೂ ಕೇಳುವುದಿಲ್ಲ. ಹಾಗಾಗಿ ನೀರು ಬಿಟ್ಟ ಮೇಲೆ ಸಂಜೆ ನಿಲ್ಲಿಸುವವರೆಗೆ ನಾನೂ ಸೊನ್ನೆಯೂ ಹುಣಸೆಹಣ್ಣು ಬಿಡಿಸುತ್ತ ಊರಿನ ಎಲ್ಲರ ಬಗ್ಗೆಯೂ ಮಾತಾಡುತ್ತಿದ್ದೆವು. ಆರು ಜನ ಹೊರಗೆ ನಲ್ಲಿ ರಿಪೇರಿ, ಬಿಂದಿಗೆ ಜಗಳ ಎಂದು ಬೆವರುತ್ತಿದ್ದರೆ ಏಳನೆಯವಳು ನನ್ನ ಜೊತೆ ಆರಾಮಾಗಿ ಹರಟುತ್ತಿದ್ದಳು. ನನಗೆ ಊರಿನಲ್ಲಿ ಸ್ನೇಹಿತೆ ಅಂತ ಇದ್ದರೆ ಅವಳೊಬ್ಬಳೇ.

ಅವಳು ಹೆಸರು ಬರೆಸಿದ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತಂತೆ. ಸಾರಿಗೆ ಉಪ್ಪು ಹೆಚ್ಚಾಗಿ ಗಂಡ ಕೆಂಚಣ್ಣ ತಟ್ಟೆ ಬಿಟ್ಟು ಎದ್ದುಹೋಗಿದ್ದ. ಆ ಜಗಳ ಅವತ್ತೇ ಮುಗಿಯಿತು. ಆದರೆ ಹೊರಗೆ ಹೋಗುವ ಆರು ಜನಕ್ಕೆ ದಿನಾ ಅದೇ ಬೆಳಿಗ್ಗೆ. ದಿನಾ ಆರೂ ಜನ ಗಂಡನನ್ನು ಸಮಾಧಾನ ಮಾಡಬೇಕು ಎಂದುಕೊಂಡು ಒಂದೊಂದು ಪೊಟ್ಟಣ ಕೋಡುಬಳೆ ಕೊಂಡು ತರುತ್ತಿದ್ದರು. ಗರಡಿಬೀದಿಗೆ ಹೋಗುವ ಐದನೆಯವಳಂತೂ ಮನೆ ಆ ಬೀದಿಯ ಹಿಂದಿನ ಸಂದಿಯಲ್ಲೇ ಇದ್ದುದರಿಂದ ಮಧ್ಯಾಹ್ನ ಹೋಗಿ ಅವನಿಗೆ ಊಟ ಬಡಿಸಿ ಬರುತ್ತಿದ್ದಳು. ಅದಕ್ಕೇ ಅವಳ ಸಾಲಿಗೆ --ಕಟ್ಟು ಹಾಕಿರಲಿಲ್ಲ. ಕೆಂಚಣ್ಣ ದಾರಿಯಲ್ಲಿ ಸಿಕ್ಕಿದಾಗ, “ಇಂದ್ರಾಣಮ್ಮ, ಆ ಉಪ್ಪಿನ ಜಗಳ ಮುಗೀತು ಅಂತ ನನ್ ಹೆಂಡ್ತಿಗೆ ಹೇಳೋ ಆಯ್ಕೆ ಒಂದ್ ಇದ್ರೆ ಹಾಕವ್ವ, ಕೋಡುಬಳೆ ತಿಂದು ಹಲ್ಲು ಹೋಯ್ತು” ಎನ್ನುತ್ತಿದ್ದ. ಹಾಕಲೇ ಎಂದು ಕೇಳಿದರೆ ಬೇಡ ಎಂದು ನಗುತ್ತಿದ್ದ.

ಅಂಥವನು ಒಂದು ದಿನ ಜಗುಲಿಯ ಮೇಲೆ ಕೂತವನು ಎದೆ ಹಿಡಿದುಕೊಂಡು ಅಲ್ಲೇ ಒರಗಿದ. ತಿಥಿ ಮುಗಿಯುವವರೆಗೆ ಊರಿಗೆ ಟ್ಯಾಂಕರಿನಲ್ಲಿ ನೀರು ಕೊಟ್ಟರು. ಮಾರನೆಯ ಬೆಳಿಗ್ಗೆ ನಿಂಗಾಜಮ್ಮ ಬಂದಳು. ಹಣೆ ಬೋಳು, ಕಣ್ಣು ಒಳಗೆ ಹೋಗಿದ್ದವು. ಕುರ್ಚಿಯಲ್ಲಿ ಕೂತು, ಎಲ್ಲರೂ ಹೇಳುವ ಹಾಗೆ, “ಹಳೇ ಸಾಲೇ ಹೊಡಿಯಮ್ಮ” ಎಂದಳು. ನಾನು ಮೇಲಿನ ಬಾಣದ ಕೀಲಿ ಒತ್ತಿದೆ, ಹಳೆಯ ಸಾಲು ಬಂತು, ಎಂಟರ್ ಹೊಡೆದೆ. ಇಬ್ಬರಿಗೂ ತಲೆ ಓಡಲಿಲ್ಲ. ಗಂಟೆ ಒತ್ತಿದ ಮೇಲೆ ಸ್ಪೀಕರಿನಲ್ಲಿ ನಾಲ್ಕನೆಯವಳು, “ನಾಕು, ಬಿಟ್ಟೆ. ಅಯ್ಯೋ ಬಿಸ್ಲೇ, ನಮ್ಮೋರು ಊಟ ಬಿಟ್ಟು ಹೋಗವ್ರೆ, ಏನ್ ತಿಂತಾರೋ” ಎಂದಾಗ ನನ್ನ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗೆ ಬಿತ್ತು. ಸೊನ್ನೆ ಬಾಯಿಗೆ ಸೆರಗು ಒತ್ತಿಕೊಂಡಳು.

ಸಂಜೆ ಆರು ಜನ ಕೋಡುಬಳೆ ಪೊಟ್ಟಣ ಹಿಡಿದು ಒಬ್ಬೊಬ್ಬರಾಗಿ ಬಂದರು. ಮೊದಲನೆಯವಳು ನನ್ನನ್ನು ನೋಡಿ ನಕ್ಕು ಒಳಬಾಗಿಲು ದಾಟಿದಳು. ದಾಟಿದ ಕೂಡಲೇ ಕುರ್ಚಿಯಲ್ಲಿದ್ದವಳು ಗಂಡ ಸತ್ತ ಸುದ್ದಿ ಈಗ ತಾನೇ ಕೇಳಿದವಳಂತೆ ಕಿರುಚಿದಳು. ಸುಧಾರಿಸಿಕೊಳ್ಳುವಷ್ಟರಲ್ಲಿ ಎರಡನೆಯವಳು. ಆಮೇಲೆ ಮೂರನೆಯವಳು. ಆರನೆಯವಳು ಬರುವಷ್ಟರಲ್ಲಿ ಅವಳಿಗೆ ದನಿಯೇ ಇರಲಿಲ್ಲ, ನೆಲದ ಮೇಲೆ ಕೂತು ಮೇಜಿನ ಕಾಲನ್ನು ತಬ್ಬಿಕೊಂಡಿದ್ದಳು. ನಾನು ಬೆನ್ನು ಸವರುತ್ತ ಕೂತೆ. “ಆರ್ ಸಲ ಸತ್ರು ಕಣೇ ಇಂದ್ರಾಣಿ, ನಮ್ಮೋರು ಇವತ್ತು ಆರ್ ಸಲ ಸತ್ರು” ಎಂದಳು.

“ನಾಳೆಯಿಂದ --ಜೊತೆಗೆ ಸಾವು ಅಂತ ಹಾಕ್ತೀನಿ. ಹೋಗುವಾಗಲೇ ಎಲ್ರಿಗೂ ಗೊತ್ತಿರ್ಲಿ” ಎಂದೆ.

ಅವಳು ತಲೆ ಎತ್ತಿ ನೋಡಿದಳು. “ಬೇಡ” ಎಂದಳು. “ಇವತ್ತು ಹೊರಗಿದ್ದ ಆರೂ ಜನ ಹಗಲೆಲ್ಲ ಹೆಂಡ್ತೀರಾಗಿದ್ರು. ನಲ್ಲಿ ತಿರುವ್ತಾ ಅವರನ್ನ ನೆನೆಸ್ಕೊಂಡು ಬೈಕೊಂಡ್ರು. ಈಗ ಅದೆಲ್ಲ ನನ್ ಒಳಗೈತೆ. ಬೆಳಿಗ್ಗೆಯಿಂದ ಸಂಜೆಗಂಟ ಅವರು ಬದುಕಿರ್ತಾರೆ ಕಣೇ. ಅದ್ನ ಯಾಕೆ ಕಿತ್ಕತೀಯ?”

ಹೀಗೆ ನಡೆಯಿತು. ಮಾರನೆಯ ದಿನದಿಂದ ಐದನೆಯವಳಿಗೆ ಮಾತ್ರ --ಕಟ್ಟು ಹಾಕಿದೆ, ಮಧ್ಯಾಹ್ನ ಮನೆಗೆ ಹೋಗಿ ಬೀಗ ನೋಡದಿರಲಿ ಅಂತ. ಮಿಕ್ಕದ್ದನ್ನು ಊರೇ ಸಂಭಾಳಿಸಿತು. ಆರು ಬೀದಿಯ ಹೆಂಗಸರೂ ತಾವಾಗಿಯೇ ಒಂದು ಸುಳ್ಳಿಗೆ ಒಗ್ಗಿಕೊಂಡರು. “ನಮ್ಮೋರು ಕೋಪ ಮಾಡ್ಕೊಂಡವ್ರೆ” ಎಂದು ನಿಂಗಾಜಮ್ಮ ಹೇಳಿದರೆ, “ಗಂಡಸ್ರು ಹಂಗೇ ಬಿಡವ್ವ” ಎಂದು ಬಿಂದಿಗೆ ಎತ್ತಿಕೊಂಡು ಬೇಗ ಒಳಗೆ ಹೋಗುತ್ತಿದ್ದರು. ಹಣೆಯಲ್ಲಿ ಕುಂಕುಮ ಇಲ್ಲದ್ದು ಅವಳಿಗೇ ಗೊತ್ತಾಗದಿರಲಿ ಎಂದು ಹೊಸಬೀದಿಯ ಅಂಗಡಿಯವನು ಕನ್ನಡಿ ತೆಗೆದು ಒಳಗಿಟ್ಟ. ಕೋಡುಬಳೆಯವನು ದುಡ್ಡು ತೆಗೆದುಕೊಳ್ಳುವುದನ್ನೇ ಬಿಟ್ಟ. ನಮ್ಮೂರಿನವರು ಜಿಪುಣರು, ಬಾಯಿಬಡುಕರು, ಅದನ್ನು ನಾನೇ ಬೇಕಾದಷ್ಟು ಸಲ ಹೇಳಿದ್ದೇನೆ. ಆದರೆ ಈ ವಿಷಯದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅದು ಅವಳಿಗೆ ಮಾಡಿದ ಉಪಕಾರವೋ ಅಪಕಾರವೋ ನನಗೆ ಗೊತ್ತಾಗಲಿಲ್ಲ. ಅವಳ ಜೊತೆ ಕೂತು ಅಳುವುದಕ್ಕೆ ಊರಿನಲ್ಲಿ ಯಾರಿಗೂ ದಾರಿ ಇಲ್ಲದಂತಾಯಿತು. ಹಗಲು ಬೀದಿಯಲ್ಲಿ ಸಿಗುವವಳಿಗೆ ಗೊತ್ತಿಲ್ಲ, ಸಂಜೆ ಗೊತ್ತಿರುವವಳು ಯಾರಿಗೂ ಮುಖ ತೋರಿಸದೆ ಮನೆ ಸೇರುತ್ತಾಳೆ.

ಸಂಜೆಗಳು ಕೆಟ್ಟದಾಗುತ್ತ ಹೋದವು. ಅವಳು ಇಳಿದುಹೋದಳು. ಒಳಬಾಗಿಲಿನ ಹತ್ತಿರ ಚಪ್ಪಲಿ ಸದ್ದು ಕೇಳಿದರೆ ಕುರ್ಚಿಯ ಕೈ ಹಿಡಿದುಕೊಂಡು ಬಿಳಿಚಿಕೊಳ್ಳುತ್ತಿದ್ದಳು. ತನ್ನದೇ ಹೆಜ್ಜೆಗೆ ಹೆದರುವವರನ್ನು ನಾನು ಆಗಲೇ ಮೊದಲು ನೋಡಿದ್ದು. ಸಾವನ್ನು ಜೊತೆಗೆ ಹಾಕೋಣ ಎಂದು ಮತ್ತೆ ಮತ್ತೆ ಹೇಳಿದೆ, ಬೈದೆ, ಒಂದು ದಿನ ಮಾತು ಬಿಟ್ಟೆ. ಜಗ್ಗಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತು, “ಇವತ್ತು ಹಳೇ ಸಾಲು ಬೇಡ. --ಕಾಯಬೇಡ ೫ ಅಂತ ಹಾಕು. ಐದನೆಯವಳ ಕಟ್ಟು ತೆಗಿ” ಎಂದಳು.

--ಕಾಯಬೇಡ ಎಂಬ ಆಯ್ಕೆಯನ್ನು ನಾನು ಒಂದೇ ಸಲ ಹೊಡೆದದ್ದು, ಟೈಲರ್ ಸುಬ್ರಾಯನಿಗೆ. ಅದರಲ್ಲಿ ಹೆಸರಿಸಿದವರನ್ನು ಬಿಟ್ಟು ಮಿಕ್ಕವರೆಲ್ಲ ಒಳಗೆ ಬಂದ ಕೂಡಲೇ ಒಳಬಾಗಿಲು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ಅವರಿಗಾಗಿ ಅದನ್ನು ತೆರೆಯುವ ಆಯ್ಕೆ ಇಲ್ಲ. ಹೊರಗೆ ಉಳಿದವರು ಹೊರಗೇ. ಸುಬ್ರಾಯ ಮದುವೆ ಕಾಲದ ಗಡಿಬಿಡಿಯಲ್ಲಿ ತನ್ನ ಮೂರನೆಯವನನ್ನು ಹಾಗೆ ಬಿಟ್ಟ. ಅವನು ಕೆಲವು ದಿನ ಬೀದಿಯಲ್ಲಿ ಓಡಾಡಿ ಯಾವುದೋ ಬಸ್ಸು ಹತ್ತಿ ಹೋದ. ಇಲ್ಲಿ ಉಳಿದ ಸುಬ್ರಾಯನ ಹೊಲಿಗೆ ಚೆನ್ನಾಗಿಯೇ ಇದೆ. ಆದರೆ ಮಗಳು ಅಪ್ಪಾ ಎಂದು ಕರೆದರೆ ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡು ಹಿಂದೆ ತಿರುಗಿ ನೋಡುತ್ತಾನೆ.

“ಸುಬ್ರಾಯನ್ನ ನೋಡಿದ್ದೀಯಲ್ಲ” ಎಂದೆ.

“ನೋಡಿದೀನಿ.”

“ಅವಳು ಎಲ್ಲಿಗೆ ಹೋಗ್ಬೇಕು?”

“ಮನೆಗೆ. ಬೀಗದಕೈ ಬಾಗ್ಲ ಮೇಲೈತೆ. ಒಳಗೋಯ್ತಾಳೆ, ಅವರು ಇರಲ್ಲ, ಕೋಪ ಮಾಡ್ಕೊಂಡು ಎಲ್ಲೋ ಹೋಗವ್ರೆ, ಬರ್ತಾರೆ ಅಂತ ಕಾಯ್ಕೊಂಡಿರ್ತಾಳೆ. ನಾನು ಅಕ್ಕನ ಮನೇಲಿ ಇದ್ಕೋತೀನಿ.” ಅವಳು ಇದನ್ನೆಲ್ಲ ಯೋಚಿಸಿ ಇಟ್ಟುಕೊಂಡಿದ್ದಳು. “ಕಾಯೋಕೆ ಒಬ್ರಾದ್ರೂ ಇರ್ಲಿ ಕಣೇ ಅವ್ರಿಗೆ. ನನ್ ಕೈಲಿ ಆಗಲ್ಲ, ನಂಗೊತ್ತು ಅವರು ಬರಲ್ಲ ಅಂತ. ಗೊತ್ತಿಲ್ದೋಳು ಕಾಯ್ತಾಳೆ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. “ಎಷ್ಟು ವರ್ಷ ಕಾಯ್ಬೇಕು ಅವಳು? ಒಲೆ ಮುಂದೆ ಸಾರು ಬಿಸಿ ಮಾಡ್ಕೊಂಡು ಸಾಯೋಗಂಟ ಬಾಗಿಲು ನೋಡ್ತಾ ಕೂತಿರ್ಬೇಕಾ? ಅವಳೂ ನೀನೇ ಅಲ್ವಾ? ಬೇರೆಯವರ ಮನೆ ಹೆಣ್ಣಿಗೆ ನೀನು ಹಿಂಗೆ ಮಾಡ್ತಿದ್ಯಾ?”

ಗೋಡೆಯ ಮೇಲಿನ ಒತ್ತಡದ ಮುಳ್ಳು ಮೇಲೇರುತ್ತಿತ್ತು, ನೀರು ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಸಾಲು ಹೊಡೆಯುವವಳಿಗೆ ಇಲ್ಲ ಎನ್ನುವ ಅಧಿಕಾರ ಇಲ್ಲ. ಕುರ್ಚಿಯಲ್ಲಿ ಕೂತವರು ಹೇಳಿದ್ದನ್ನು ಬರೆಯಬೇಕು, ಅದು ನಮ್ಮ ಕಟ್ಟಳೆ. ಆದರೆ ಏನು ಸೇರಿಸಬಹುದು ಎಂದು ಸಲಹೆ ಕೊಡುವ ಅಧಿಕಾರ ಇದೆ.

“ಆಯ್ತು, ಹಾಕ್ತೀನಿ” ಎಂದೆ. “ಆದ್ರೆ --ಕಿವಿ ಎಲ್ಲ ಅಂತಲೂ ಹಾಕ್ತೀನಿ. ನೀನಿಲ್ಲಿ ಆಡೋ ಮಾತು ಅವ್ರಿಗೆ ಕೇಳುತ್ತೆ. ಹೊರಗೆ ಬಿಡೋದಾದ್ರೆ ಅವಳಿಗೆ ಹೇಳಿಯೇ ಬಿಡು. ಕಳ್ಳಿ ಹಂಗೆ ಬೇಡ.”

“ಐದನೇವಳಿಗೆ ಮಾತ್ರ ಕೇಳೋ ಹಂಗೆ ಮಾಡು.”

“ಹಂಗೆ ಆಗಲ್ಲ. ಕಿವಿ ಅಂದ್ರೆ ಎಲ್ರದ್ದು, ಇಲ್ಲಾ ಸೊನ್ನೆದು.” ಇದು ಸುಳ್ಳಲ್ಲ, ನಿಜವಾಗಿಯೂ ಆ ಆಯ್ಕೆ ಇರುವುದೇ ಹಾಗೆ.

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ಹೂಂ ಎಂದು ತಲೆಯಾಡಿಸಿದಳು. ನಾನು ಬರೆದೆ: ಓಡಿಸು ನಿಂಗಾಜಮ್ಮ --ಎಷ್ಟು ೭ --ಎಲ್ಲಿ ಕೆರೆ,ಸಂತೆ,ಕಮ್ಮಾರ,ಹೊಸ,ಗರಡಿ,ಕೋಟೆ --ಕಿವಿ ಎಲ್ಲ --ಕಾಯಬೇಡ ೫. ಒಮ್ಮೆ ಹೊಡೆದ ಸಾಲನ್ನು ತಿದ್ದುವಂತಿಲ್ಲ. ಇನ್ನೊಮ್ಮೆ ಓದಿ ಎಂಟರ್ ಒತ್ತಿದೆ.

ಗೂಡಿನ ಬಾಗಿಲುಗಳು ತೆರೆದ ಸದ್ದು ಸ್ಪೀಕರಿನಲ್ಲಿ ಬಂತು. “ಲೇ ಐದು” ಎಂದಳು ಕುರ್ಚಿಯಲ್ಲಿದ್ದವಳು. ಆರು ದನಿಗಳೂ ಒಟ್ಟಿಗೆ ಗಾಬರಿಯಾದವು, ಹಾಗೆ ಅವರಿಗೆ ಹಿಂದೆ ಯಾವತ್ತೂ ಮಾತು ಕೇಳಿಸಿರಲಿಲ್ಲ.

“ಐದು ಹೇಳ್ತಿದೀನಿ. ಯಾರದು, ನಾನಾ?”

“ನಾನೇ ಕಣೇ. ನೀನು... ನೀನು ಇವತ್ತು ಸಂಜೆ ಈ ಕಡೆ ಬರ್ಬೇಡ. ಮನೆಗೆ ಹೋಗು.”

“ಯಾಕೆ? ನಮ್ಮೋರಿಗೆ ಹುಷಾರಿಲ್ವಾ?” ಎಂದಿತು ಐದನೆಯ ದನಿ. ತಕ್ಷಣ ಕೆರೆಬೀದಿಯಿಂದ, ಕೋಟೆಬೀದಿಯಿಂದ, ಎಲ್ಲ ಕಡೆಯಿಂದಲೂ ಅದೇ ಪ್ರಶ್ನೆ ಬಂತು. “ಏನಾಯ್ತು ಅವ್ರಿಗೆ? ಹೇಳೇ. ಏನಾಯ್ತು?”

ಕುರ್ಚಿಯಲ್ಲಿದ್ದವಳು ನನ್ನನ್ನು ನೋಡಿದಳು. ಮುಳ್ಳು ಹಸಿರು ಗುರುತು ದಾಟುತ್ತಿತ್ತು. ಅವಳು ಸ್ಪೀಕರಿನ ಹತ್ತಿರ ಬಗ್ಗಿ, ಮದುವೆಯಾದಾಗಿನಿಂದ ಬಾಯಲ್ಲಿ ಹೇಳದ ಹೆಸರನ್ನು ಹೇಳಿದಳು. “ಕೆಂಚಣ್ಣ ಸತ್ತೋದ್ರು ಕಣ್ರೇ. ಜಗುಲಿ ಮೇಲೆ ಕೂತಿದ್ದಂಗೇ ಹೋಗ್ಬಿಟ್ರು. ನೋಯ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಉಪ್ಪಿನ ಜಗಳ ಅವತ್ತೇ ಮುಗಿದಿತ್ತು, ಅವರು ನಗಾಡ್ಕೊಂಡೇ ಇದ್ರು.” ಮುಳ್ಳು ನೋಡಿದಳು, ಗಂಟೆಯ ಮೇಲೆ ಕೈಯಿಟ್ಟಳು. “ಮೊದ್ಲು ನೀರು ಬಿಡಿ. ಆಮೇಲೆ ಅಳಿ.”

ಗಂಟೆ ಒತ್ತಿದಳು. “ಒಂದು, ಬಿಟ್ಟೆ.” “ಎರಡು, ಬಿಟ್ಟೆ.” ಮೂರು, ನಾಲ್ಕು, ಆರು. ಐದರ ಸದ್ದಿಲ್ಲ. ಮುಳ್ಳು ಕೆಂಪಿನ ಕಡೆ ಹೊರಳಿತು, ನಾನು ಕುರ್ಚಿ ಬಿಟ್ಟು ಎದ್ದೆ. ಗೋಡೆಯೊಳಗಿನ ಪೈಪು ನರಳುವುದು ಕೇಳಿಸಿತು. “ಲೇ, ಗರಡಿಬೀದೀಲಿ ಮಕ್ಕಳವೆ ಕಣೇ” ಎಂದು ಕುರ್ಚಿಯಲ್ಲಿದ್ದವಳು ಕೂಗಿದಳು. ಆಗ ತೀರಾ ಸಣ್ಣ ದನಿಯಲ್ಲಿ, “ಐದು. ಬಿಟ್ಟೆ” ಎಂದು ಬಂತು. ಮುಳ್ಳು ಇಳಿಯಿತು. ಆಮೇಲೆ ಮಿಕ್ಕ ಬೀದಿಗಳಿಂದ ಅಳು ಬಂತು.

ಅಳುವಿನ ಹಿಂದೆಯೇ ಬೇರೆ ದನಿಗಳು ಬಂದವು. ಬಿಂದಿಗೆ ಕೆಳಗಿಟ್ಟ ಸದ್ದು, ಬಾಗಿಲು ತೆರೆದ ಸದ್ದು. “ಗೊತ್ತಾಯ್ತಾ ತಾಯಿ? ಗೊತ್ತಾಯ್ತೇನವ್ವ?” ಎಂದು ಯಾರೋ ಮುದುಕಿ ಸಂತೆಬೀದಿಯಲ್ಲಿ ಕೇಳುತ್ತಿದ್ದಳು. “ಬಾ, ಇಲ್ಲೇ ಕೂತ್ಕೋ” ಎಂದು ಇನ್ನೊಬ್ಬಳು. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ಹೆಂಗಸರು ಅವಳ ಸುತ್ತ ಕೂತರು. ಯಾರೋ ಕೆಂಚಣ್ಣ ತಮ್ಮ ಮನೆಯ ಹೆಂಚು ಹೊದಿಸಿಕೊಟ್ಟದ್ದು ಹೇಳಿದರು, ಯಾರೋ ಅವನು ಎಮ್ಮೆಗೆ ಹೆದರುತ್ತಿದ್ದುದನ್ನು ಹೇಳಿದರು. ಕುರ್ಚಿಯಲ್ಲಿದ್ದವಳು ಸ್ಪೀಕರಿಗೆ ಕಿವಿಯಿಟ್ಟು ಎಲ್ಲವನ್ನೂ ಕೇಳುತ್ತ ಕೂತಳು. ಐದನೆಯ ಕಡೆಯಿಂದ ಮಾತ್ರ ಏನೂ ಕೇಳಲಿಲ್ಲ. ಅವಳು ನೀರು ಬಿಟ್ಟು ನೆಟ್ಟಗೆ ಸಂದಿಯೊಳಗೆ ಹೋದಳು ಎಂದು ಗರಡಿಬೀದಿಯ ಯಾರೋ ಹೇಳಿದ್ದು ಕೇಳಿಸಿತು. ಸಂಜೆ ವಾಲ್ವು ಮುಚ್ಚುವುದಕ್ಕೆ ಬಂದು, “ಐದು, ನಿಲ್ಲಿಸ್ದೆ” ಎಂದವಳ ಹೆಜ್ಜೆಯ ಸದ್ದು ಮತ್ತೆ ಸಂದಿಯ ಕಡೆ ಹೋಯಿತು.

“ನಾನು ಬರ್ಬೇಡ ಅಂದ್ಬಿಟ್ಟೆ” ಎಂದಳು ನಿಂಗಾಜಮ್ಮ ನನ್ನ ಕಡೆ ತಿರುಗಿ. “ಈಗ ಬಾ ಅಂದ್ರೆ ಬರ್ತಾಳಾ?”

“ಹೇಳಿ ನೋಡು.”

“ಲೇ ಐದು, ಬಾರೇ” ಎಂದಳು. ಉತ್ತರ ಬರಲಿಲ್ಲ. ಗೂಡಿನಿಂದ ದೂರ ಹೋದವರಿಗೆ ಕೇಳುವುದೂ ಇಲ್ಲ.

ಹೊತ್ತು ಮುಳುಗುತ್ತಿದ್ದಂತೆ ಒಂದನೆಯವಳು ಬಂದಳು. ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ಯಾರೋ ಕೊಟ್ಟ ಬಾಳೆಹಣ್ಣಿತ್ತು. ಒಳಬಾಗಿಲಿನವರೆಗೆ ಬಂದು, ದಾಟದೆ, ಹೊರಗಿನ ಮೆಟ್ಟಿಲ ಮೇಲೆ ಕೂತಳು. ಎರಡನೆಯವಳು ಬಂದು ಅವಳ ಪಕ್ಕ ಕೂತಳು. ಮೂರು, ನಾಲ್ಕು, ಆರು, ಎಲ್ಲರೂ ಬಂದರು. ಒಬ್ಬಳೂ ಒಳಗೆ ಕಾಲಿಡಲಿಲ್ಲ. ನನಗೆ ಮೊದಲು ಅರ್ಥವಾಗಲಿಲ್ಲ, “ಬನ್ರೇ, ಯಾಕ್ ಕೂತ್ರಿ” ಎಂದೆ.

“ಐದು ಬರ್ಲಿ” ಎಂದರು ಐದೂ ಜನ.

ಅವರಲ್ಲಿ ಒಬ್ಬಳು ಹೊರಗಿರುವವರೆಗೆ ಬಾಗಿಲು ಮುಚ್ಚುವ ಹಾಗಿಲ್ಲ. ಕಾಯಬೇಡ ಎಂದು ನಾನು ಬರೆದದ್ದು ಬಾಗಿಲಿಗೆ, ಅವರಿಗಲ್ಲ. ಕತ್ತಲಾಯಿತು, ಬೀದಿ ದೀಪ ಹತ್ತಿಕೊಂಡಿತು, ನನ್ನ ಕೆಲಸದ ಹೊತ್ತು ಮುಗಿದಿತ್ತು. ನಾನು ಎದ್ದು ಹೋಗಲಿಲ್ಲ. ಮೆಟ್ಟಿಲ ಮೇಲೆ ಅವರು ಕೂತಿದ್ದರು, ಒಳಗೆ ಇವಳು ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು.

ಕೊನೆಗೆ ಚಪ್ಪಲಿ ಸದ್ದು ಬಂತು. ಈ ಸಲ ಕುರ್ಚಿಯಲ್ಲಿದ್ದವಳು ಹೆದರಲಿಲ್ಲ, ಎದ್ದು ನಿಂತಳು. ಐದನೆಯವಳ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೂದಲಲ್ಲಿ ಜೇಡರ ಬಲೆ ಅಂಟಿತ್ತು.

“ಮನೆ ಗುಡಿಸೇ ಇರ್ಲಿಲ್ವಲ್ಲೇ ನೀನು” ಎಂದಳು ಒಳಗಿದ್ದವಳನ್ನು ನೋಡಿ. “ಅವರ ಹಾಸಿಗೆ ಒದರಿ, ಬಟ್ಟೆ ಒಗೆದು ಹರವಿ ಬಂದೆ. ಅದ್ಕೇ ಹೊತ್ತಾಯ್ತು.”

ಮೆಟ್ಟಿಲ ಮೇಲಿದ್ದವರು ಎದ್ದರು. ಐದನೆಯವಳನ್ನು ನಡುವೆ ಬಿಟ್ಟುಕೊಂಡು, ಭುಜಕ್ಕೆ ಭುಜ ತಾಗಿಸಿ, ಆರು ಜನವೂ ಒಂದೇ ಹೆಜ್ಜೆಗೆ ಒಳಗೆ ಬಂದರು. ನಿಂಗಾಜಮ್ಮ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಒಂದೇ ಸಲ, ಒಬ್ಬಳು ಅಳುವಷ್ಟು.